ನಡುರಾತ್ರಿ ಕರೆಸಿದ ಕಂಠ

(ಬಳ್ಳಾರಿಯಲ್ಲಿ ಸಂಗೀತ ಮತ್ತು ರಂಗಭೂಮಿಯ ಗೆಳೆಯರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಗೆಳೆಯರೆ,

ನಮ್ಮ ಕಡೆಯ ಹಳ್ಳಿಗಳಲ್ಲಿ ಜಾತ್ರೆಗೆ ನಾಟಕ ಆಡುವ ರೂಢಿ ನಿಮಗೆಲ್ಲ ಗೊತ್ತಿದೆ. ಊರಿನ ಹುಡುಗರು ತಿಂಗಳುಗಟ್ಟಲೆ ರಾತ್ರಿ ತಾಲೀಮು ನಡೆಸಿ ಗಂಡು ಪಾತ್ರಗಳನ್ನೆಲ್ಲ ತಾವೇ ಕಲಿತಿರುತ್ತಾರೆ. ಹೆಣ್ಣು ಪಾತ್ರಗಳಿಗೆ ಮಾತ್ರ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ಮುಂಗಡ ಕೊಟ್ಟು ಬಂದದ್ದು ಎಂದೋ ಇರಲಿ, ಆಕೆ ಊರಿಗೆ ಬಂದು ಇಳಿಯುವುದು ನಾಟಕದ ದಿನದ ಮಧ್ಯಾಹ್ನದ ಬಸ್ಸಿಗೆ. ಪೇಟಿ (ಹಾರ್ಮೋನಿಯಂ) ಮಾಸ್ತರರ ಎದುರು ಕುಳಿತು ಹಾಡುಗಳ ಶ್ರುತಿಯನ್ನೊಮ್ಮೆ ನೋಡಿಕೊಂಡು, ಎದುರು ಪಾತ್ರದ ಹುಡುಗ ಯಾವ ಮಾತಿನ ಮೇಲೆ ತಡವರಿಸುತ್ತಾನೆಂಬುದನ್ನು ಕಣ್ಣಳತೆಯಲ್ಲೇ ತಿಳಿದುಕೊಂಡು, ರಾತ್ರಿ ಬಣ್ಣ ಹಚ್ಚಿ ರಂಗಕ್ಕೆ ಬರುತ್ತಾಳೆ. ಬೆಳಕು ಹರಿಯುವ ಹೊತ್ತಿಗೆ ಇಡೀ ಊರಿನ ಬಾಯಲ್ಲಿ ಉಳಿದಿರುವುದು ಆಕೆ ಹಾಡಿದ ಒಂದು ಹಾಡು. ಕರಪತ್ರದಲ್ಲಿ ಆಕೆಯ ಹೆಸರು ಕೊನೆಯ ಸಾಲಿನಲ್ಲಿರುತ್ತದೆ, ಹಲವು ಸಲ ಕಾಗುಣಿತ ತಪ್ಪಿರುತ್ತದೆ. ಆಕೆ ಮಾತ್ರ ಆಗಲೇ ಮೊದಲ ಬಸ್ಸಿಗಾಗಿ ಊರ ಮುಂದಿನ ಕಟ್ಟೆಯ ಮೇಲೆ ಕುಳಿತಿರುತ್ತಾಳೆ.

ಇಂಥ ನಾಟಕಗಳಲ್ಲಿ ಬಹಳ ವರ್ಷ ಪೇಟಿ ಬಾರಿಸಿದವನು ನಾನು. ಹೊಟ್ಟೆಪಾಡಿಗೆ ಇದೇ ಊರಿನಲ್ಲಿ ಒಂದು ಸಣ್ಣ ಧ್ವನಿಮುದ್ರಣ ಕೋಣೆಯನ್ನೂ ನಡೆಸಿದ್ದೇನೆ. ಹಾಗಿರುವವನು ಇಂದು 1969ರ ಒಂದು ಇಂಗ್ಲಿಷ್ ರಾಕ್ ಹಾಡಿನ ಬಗ್ಗೆ ಮಾತನಾಡಲು ನಿಂತದ್ದು ನಿಮಗೆ ವಿಚಿತ್ರವೆನಿಸಬಹುದು. ರಾಕ್ ಎಂದರೆ ಬಂಡೆ, ಬಂಡೆಯ ವಿಷಯದಲ್ಲಿ ಬಳ್ಳಾರಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಕಿಟಕಿ ತೆರೆದರೆ ಕೋಟೆಯ ಗುಡ್ಡವೇ ಕಾಣುತ್ತದೆ ಎಂದು ಗೆಳೆಯರೊಬ್ಬರು ಈಗಾಗಲೇ ತಮಾಷೆ ಮಾಡಿದ್ದಾರೆ. ಆದರೆ ರೋಲಿಂಗ್ ಸ್ಟೋನ್ಸ್ ತಂಡದ 'ಗಿಮ್ಮಿ ಶೆಲ್ಟರ್' ಎಂಬ ಈ ಹಾಡು ತಯಾರಾದ ಬಗೆಯನ್ನು ಓದುತ್ತ ಹೋದಂತೆ, ಕಟ್ಟೆಯ ಮೇಲೆ ಬಸ್ಸಿಗಾಗಿ ಕಾಯುವ ಆ ಕಲಾವಿದೆಯನ್ನೇ ನಾನು ಮತ್ತೆ ಮತ್ತೆ ಕಂಡೆ. ಮುಗಿದೇ ಹೋಯಿತೆಂದುಕೊಂಡಿದ್ದ ಹಾಡಿನೊಳಕ್ಕೆ ಹೊರಗಿನ ಒಂದು ಕಂಠ ಬಂದು ಕೆಲವೇ ಸಾಲು ಹಾಡಿ ಹೋದಾಗ, ಆ ಹಾಡು ಯಾರದಾಗುತ್ತದೆ ಎಂಬುದು ನನ್ನ ಪ್ರಶ್ನೆ.

ಮೊದಲು ಹಾಡಿನ ಹುಟ್ಟು. 1968ರ ಶರತ್ಕಾಲದಲ್ಲಿ ತಂಡದ ಗಾಯಕ ಮಿಕ್ ಜ್ಯಾಗರ್ ಒಂದು ಚಲನಚಿತ್ರದ ಚಿತ್ರೀಕರಣದಲ್ಲಿದ್ದರು. ಗಿಟಾರ್ ವಾದಕ ಕೀತ್ ರಿಚರ್ಡ್ಸ್ ಲಂಡನ್ನಿನಲ್ಲಿ ಕಲಾ ವ್ಯಾಪಾರಿ ರಾಬರ್ಟ್ ಫ್ರೇಸರ್ ಅವರ ಮನೆಯಲ್ಲಿ ಒಬ್ಬರೇ ಕುಳಿತಿದ್ದಾಗ ಹೊರಗೆ ಬಿರುಗಾಳಿ ಎದ್ದಿತು. ದಾರಿಹೋಕರು ಮಳೆಯಿಂದ ತಪ್ಪಿಸಿಕೊಳ್ಳಲು ಸೂರು ಹುಡುಕಿಕೊಂಡು ಓಡುತ್ತಿದ್ದರು. ಅದನ್ನು ಕಿಟಕಿಯಿಂದ ನೋಡುತ್ತಲೇ ಹಾಡಿನ ಮೊದಲ ಸಾಲುಗಳು ಕೈಗೆ ಸಿಕ್ಕವೆಂದು ರಿಚರ್ಡ್ಸ್ ಮುಂದೆ ಹೇಳಿಕೊಂಡಿದ್ದಾರೆ. ಆ ಚಿತ್ರದಲ್ಲಿ ರಿಚರ್ಡ್ಸ್ ಅವರ ಗೆಳತಿಯೂ ಜ್ಯಾಗರ್ ಜೊತೆ ನಟಿಸುತ್ತಿದ್ದರು. ಆ ದಿನಗಳ ಮನಸ್ಸಿನ ಬಿರುಗಾಳಿಯೇ ಹಾಡಾಯಿತೆಂದು ಬರೆದವರು ಸಾಕಷ್ಟು ಮಂದಿ ಇದ್ದಾರೆ. ಅದು ಓದಲು ರುಚಿಯಾಗಿದೆ, ಹಾಡು ಕೇಳಲು ಮಾತ್ರ ಏನೂ ನೆರವಾಗುವುದಿಲ್ಲ.

ಶೀರ್ಷಿಕೆಯನ್ನು ಕನ್ನಡಕ್ಕೆ ತರುವುದು ಹೇಗೆಂದು ನಾನು ಯೋಚಿಸಿದ್ದುಂಟು. 'ಆಸರೆ ಕೊಡು' ಎಂದರೆ ಅರ್ಥ ಸರಿಹೋಗುತ್ತದೆ. ಆದರೆ ಲಂಡನ್ನಿನವರಿಗೆ ಆಕಾಶದಿಂದ ತಪ್ಪಿಸಿಕೊಳ್ಳುವುದೆಂದರೆ ಮಳೆಯಿಂದ ತಪ್ಪಿಸಿಕೊಳ್ಳುವುದು; ಏಪ್ರಿಲ್ ತಿಂಗಳ ಬಳ್ಳಾರಿಯಲ್ಲಿ, ರಾಯಚೂರಿನಲ್ಲಿ ಮಳೆ ಬಂದರೆ ಯಾರೂ ಓಡುವುದಿಲ್ಲ, ಅಂಗಳಕ್ಕೆ ಬಂದು ನಿಲ್ಲುತ್ತಾರೆ. ನಮ್ಮವರು ಓಡುವುದು ಬಿಸಿಲಿನಿಂದ. ಆದ್ದರಿಂದ ಈ ಸೀಮೆಯ ಕನ್ನಡದಲ್ಲಿ ಆ ಹಾಡಿನ ಹೆಸರು 'ನೆರಳು ಕೊಡು' ಎಂದೇ ಆಗಬೇಕು.

ಇನ್ನು ಸ್ವರಗಳ ವಿಷಯ. ಪೇಟಿ ಬಲ್ಲವರು ಇಲ್ಲಿದ್ದೀರಿ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹಾಡಿನ ಶ್ರುತಿ ನಮ್ಮ ಲೆಕ್ಕದಲ್ಲಿ ಕರಿ ಒಂದು, ಅಂದರೆ ಪೇಟಿಯ ಮೊದಲ ಕರಿ ಮನೆ. ಗಿಟಾರಿನ ಸ್ವರಮೇಳಗಳು ಷಡ್ಜದಿಂದ ಹೊರಟು ಕೋಮಲ ನಿಷಾದಕ್ಕೆ, ಅಲ್ಲಿಂದ ಕೋಮಲ ಧೈವತಕ್ಕೆ ಇಳಿಯುತ್ತವೆ. ಭೈರವಿಯನ್ನೋ ಆಸಾವರಿಯನ್ನೋ ಕೇಳಿದ ಕಿವಿ ಈ ಇಳಿತವನ್ನು ಕೇಳಿದೊಡನೆ, ಇನ್ನೊಂದು ಮೆಟ್ಟಿಲು ಇಳಿದರೆ ಪಂಚಮ, ಅಲ್ಲಿ ಕುಳಿತು ಉಸಿರು ಬಿಡಬಹುದು ಎಂದು ಕಾಯುತ್ತದೆ. ಆ ಮೆಟ್ಟಿಲಿಗೆ ಗಿಟಾರು ಇಳಿಯುವುದೇ ಇಲ್ಲ. ಧೈವತದ ಅಂಚಿಗೆ ಬಂದು ತಟ್ಟನೆ ಷಡ್ಜಕ್ಕೆ ಮರಳಿ ಮತ್ತೆ ಅದೇ ಇಳಿತವನ್ನು ಆರಂಭಿಸುತ್ತದೆ. ನೆರಳು ಕೇಳುವ ಹಾಡಿನಲ್ಲಿ ಸ್ವರಗಳಿಗೇ ತಂಗಲು ಕಟ್ಟೆಯಿಲ್ಲ. ಹಾಡು ಕಟ್ಟಿದವರು ಇದನ್ನು ನಮ್ಮಂತೆ ಲೆಕ್ಕ ಹಾಕಿ ಮಾಡಿರಲಾರರು. ಕೈ ಹೋದ ಕಡೆ ಕಿವಿ ಒಪ್ಪಿರಬೇಕು. ಆದರೂ ಕೇಳುಗನ ಮೈಮೇಲೆ ಅದು ಮಾಡುವ ಕೆಲಸ ಅದೇ.

ಆರಂಭದ ಗಿಟಾರಿನ ನಾದ ನೀರಿನ ಮೇಲಿನ ಬೆಳಕಿನಂತೆ ನಡುಗುತ್ತದೆ. ಇದು ಟ್ರೆಮೊಲೊ ಎಂಬ ತಂತ್ರ. ಧ್ವನಿವರ್ಧಕವು ನಾದದ ಗಾತ್ರವನ್ನು ಸೆಕೆಂಡಿಗೆ ಹಲವು ಸಲ ಏರಿಸಿ ಇಳಿಸುತ್ತದೆ. ಹಳೆಯ ಪೇಟಿಗಳಲ್ಲೂ ಇದೇ ಹೆಸರಿನ ಒಂದು ಗುಂಡಿ ಇರುತ್ತಿತ್ತು, ಅಳುವ ದೃಶ್ಯ ಬಂದಾಗ ಮಾಸ್ತರರು ಅದನ್ನು ಎಳೆಯುತ್ತಿದ್ದರು. ಅದರ ಬೆನ್ನಿಗೆ ಒಣಗಿದ ಸೋರೆಬುರುಡೆಗೆ ಗೀರು ಹಾಕಿ ಮಾಡಿದ ಗುಯಿರೊ ವಾದ್ಯದ ಕರಕರ ಶಬ್ದ, ಮೇಲೆ ತೆಳುವಾದ ಕಳ್ಳದನಿಯ ಆಲಾಪ, ಆಮೇಲೆ ಪಿಯಾನೊ, ಡ್ರಮ್ಮು. ಪಿಯಾನೊ ನಿಕಿ ಹಾಪ್‌ಕಿನ್ಸ್ ಅವರದು, ಡ್ರಮ್ಮು ಚಾರ್ಲಿ ವಾಟ್ಸ್ ಅವರದು, ಬಾಸ್ ಗಿಟಾರು ಬಿಲ್ ವೈಮನ್ ಅವರದು. ನಿರ್ಮಾಪಕ ಜಿಮ್ಮಿ ಮಿಲ್ಲರ್ ತಾವೇ ತಾಳವಾದ್ಯ ಹಿಡಿದು ಕುಳಿತಿದ್ದರು. ಇದಿಷ್ಟೂ ಮುದ್ರಣವಾದದ್ದು ಲಂಡನ್ನಿನ ಒಲಿಂಪಿಕ್ ಸ್ಟುಡಿಯೊದಲ್ಲಿ, 1969ರ ಆರಂಭದ ತಿಂಗಳುಗಳಲ್ಲಿ.

ಗಿಟಾರಿನ ಬಗ್ಗೆ ಒಂದು ಕಥೆಯನ್ನು ಬಿಡಲಾರೆ. ರಿಚರ್ಡ್ಸ್ ಅಂದು ಬಾರಿಸಿದ್ದು ಆಸ್ಟ್ರೇಲಿಯಾದಲ್ಲಿ ತಯಾರಾದ ಮೇಟನ್ ಎಂಬ ಗಿಟಾರು. ಅದು ಅವರದೂ ಅಲ್ಲ. ಮನೆಯಲ್ಲಿ ಎರಡು ದಿನ ತಂಗಿದ್ದ ಯಾರೋ ಒಬ್ಬರು ಅವಸರದಲ್ಲಿ ಹೊರಟುಹೋಗುವಾಗ ಬಿಟ್ಟುಹೋದದ್ದು. ಮುದ್ರಣದ ಕಟ್ಟಕಡೆಯ ಸ್ವರ ಬಾರಿಸಿದ ಕ್ಷಣಕ್ಕೆ ಅದರ ಕುತ್ತಿಗೆಯೇ ಕಳಚಿ ಬಿದ್ದಿತೆಂದು ಅವರು ಹೇಳಿದ್ದಾರೆ. ಹಾಡಿಗೆ ಬಂದ ಮೊದಲ ಅತಿಥಿ ಆ ಗಿಟಾರು ಎನ್ನಬೇಕು.

ಇಲ್ಲಿಗೆ ಹಾಡು ಒಂದು ರೀತಿಯಲ್ಲಿ ಮುಗಿದಿತ್ತು. ಹಾಗೆ ನೋಡಿದರೆ 1969 ಆ ತಂಡಕ್ಕೆ ಸುಖದ ವರ್ಷವಾಗಿರಲಿಲ್ಲ. ತಂಡವನ್ನು ಕಟ್ಟಿದವರಲ್ಲೊಬ್ಬರಾದ ಬ್ರಯನ್ ಜೋನ್ಸ್ ಜೂನ್ ತಿಂಗಳಲ್ಲಿ ಹೊರಬಿದ್ದು ಜುಲೈ 3ರಂದು ತೀರಿಕೊಂಡಿದ್ದರು. ಈ ಹಾಡಿನಲ್ಲಿ ಅವರ ಕೈಯಿಲ್ಲ. ಆ ವರ್ಷದ ಕೊನೆಯ ಭಾಗದಲ್ಲಿ ತಂಡ ಅಮೆರಿಕದ ಲಾಸ್ ಏಂಜಲಿಸ್‌ಗೆ ಹೋಯಿತು. ಲಂಡನ್ನಿನಿಂದ 8,000 ಕಿಲೋಮೀಟರಿಗೂ ಹೆಚ್ಚು ದೂರದ ಆ ಊರಿನಲ್ಲಿ ಕುಳಿತು, ಬೇರೆ ಬೇರೆ ಪಟ್ಟಿಗಳಲ್ಲಿ ಮುದ್ರಿಸಿಕೊಂಡ ನಾದಗಳನ್ನು ಹದವಾಗಿ ಬೆರೆಸುವ ಕೆಲಸ ನಡೆಸುತ್ತಿದ್ದಾಗ, ಹಾಡಿನ ನಡುವಿನ ಒಂದು ಭಾಗಕ್ಕೆ ಹೆಣ್ಣುಕಂಠ ಬೇಕೆನ್ನಿಸಿತು. ಆ ಭಾಗದ ಮಾತುಗಳು ಸರಳ, ಅಷ್ಟೇ ಭೀಕರ. ಅತ್ಯಾಚಾರ, ಕೊಲೆ, ಇವೆಲ್ಲ ನಮ್ಮಿಂದ ಒಂದು ಗುಂಡಿನ ದೂರದಲ್ಲಷ್ಟೇ ಇವೆ ಎಂಬರ್ಥದ ಒಂದೇ ಸಾಲು ಮೂರು ಸಲ ಬರುತ್ತದೆ. ವಿಯೆಟ್ನಾಂ ಯುದ್ಧ ನಡೆಯುತ್ತಿದ್ದ ಕಾಲ. ದೂರದರ್ಶನದಲ್ಲಿ ಊಟದ ಹೊತ್ತಿಗೆ ಹೆಣಗಳು ಕಾಣುತ್ತಿದ್ದ ಕಾಲ. ಗಂಡಸೊಬ್ಬ ಹಾಡಿದರೆ ಆ ಸಾಲು ಸುದ್ದಿಯಂತೆ ಕೇಳುತ್ತದೆ, ಹೆಣ್ಣು ಹಾಡಿದರೆ ಸಾಕ್ಷಿಯಂತೆ ಕೇಳುತ್ತದೆ.

ಸಂಗೀತ ಸಂಯೋಜಕ ಜ್ಯಾಕ್ ನಿಟ್ಶೆ ಆ ರಾತ್ರಿ ಮೆರಿ ಕ್ಲೇಟನ್ ಎಂಬ ಗಾಯಕಿಗೆ ಫೋನು ಮಾಡಿದರು. ಆಕೆಗೆ ಆಗ ಇಪ್ಪತ್ತು ವರ್ಷ. 1948ರ ಕ್ರಿಸ್‌ಮಸ್ ದಿನ ಹುಟ್ಟಿದ್ದರಿಂದ ಆ ಹೆಸರು. ತಂದೆ ನ್ಯೂ ಆರ್ಲಿಯನ್ಸ್‌ನ ಚರ್ಚೊಂದರ ಪಾದ್ರಿ. ಭಜನೆಯಲ್ಲಿ ಬೆಳೆದ ಕಂಠ ಎಂದು ನಾವು ಯಾವುದನ್ನು ಹೇಳುತ್ತೇವೆಯೋ ಆ ಬಗೆಯದು. ಹದಿನಾಲ್ಕನೆಯ ವಯಸ್ಸಿಗೇ ಧ್ವನಿಮುದ್ರಣಕ್ಕೆ ಹಾಡಿ, ಮುಂದೆ ರೇ ಚಾರ್ಲ್ಸ್ ಅವರ ಹಿಮ್ಮೇಳದ ಗಾಯಕಿಯರಲ್ಲೊಬ್ಬರಾಗಿ ಪಳಗಿದ್ದರು. ಅಂದು ಆಕೆ ತುಂಬು ಗರ್ಭಿಣಿ, ಮಲಗುವ ಸಿದ್ಧತೆಯಲ್ಲಿದ್ದರು. ಇಂಗ್ಲೆಂಡಿನಿಂದ ಬಂದ ಯಾರೋ ಹುಡುಗರು, 'ರೋಲಿಂಗ್ ಏನೋ' ಅಂತೆ, ಇಷ್ಟು ಹೊತ್ತಿನಲ್ಲಿ ಯಾರು ಹೋಗುತ್ತಾರೆ ಎಂದು ಆಕೆಗೆ ಅನ್ನಿಸಿತು. ಗಂಡ ಕರ್ಟಿಸ್ ಏಮಿ ಸ್ವತಃ ಸ್ಯಾಕ್ಸೊಫೋನ್ ವಾದಕರು. ಅವಕಾಶ ಬಿಡಬೇಡ, ಹೋಗಿ ಬಾ ಎಂದು ಅವರೇ ಒಪ್ಪಿಸಿದರು. ಆಕೆ ರೇಷ್ಮೆಯ ರಾತ್ರಿಯುಡುಪಿನಲ್ಲೇ, ಕೂದಲಿಗೆ ಸುತ್ತಿದ್ದ ಸುರುಳಿಗಳನ್ನೂ ಬಿಚ್ಚದೆ, ತಲೆಗೊಂದು ವಸ್ತ್ರ ಕಟ್ಟಿ, ಮೇಲೊಂದು ತುಪ್ಪಳದ ಕೋಟು ಹೊದ್ದು ಸ್ಟುಡಿಯೊಗೆ ಬಂದರು. ಒಳಗೆ ಬರುವ ಹೊತ್ತಿಗೆ ತುಟಿಗೆ ಬಣ್ಣ ಹಚ್ಚಿಕೊಳ್ಳುವುದನ್ನು ಮಾತ್ರ ಮರೆಯಲಿಲ್ಲವೆಂದು ಆಕೆ ನಗುತ್ತ ಹೇಳಿದ್ದಾರೆ. ಕಲಾವಿದೆಯರೊಡನೆ ಕೆಲಸ ಮಾಡಿದವರಿಗೆ ಈ ವಿವರ ಸಣ್ಣದೆನಿಸುವುದಿಲ್ಲ. ಬಸ್ಸಿಳಿದು ನೇರ ತಾಲೀಮಿಗೆ ಬಂದವರೂ ಪೇಟಿಯ ಮುಂದೆ ಕೂರುವ ಮುನ್ನ ಮುಖ ತೊಳೆದು ಕುಂಕುಮ ತೀಡಿಕೊಂಡೇ ಬರುತ್ತಾರೆ.

ಹಾಡಬೇಕಾದ ಮಾತುಗಳನ್ನು ಕೈಗಿತ್ತಾಗ ಆಕೆ ಬೆಚ್ಚಿದರು. ಇದನ್ನು ನಾನೇಕೆ ಹಾಡಬೇಕು ಎಂದು ಕೇಳಿದರು. ಹಾಡಿನ ಸಾರವೇನೆಂದು ತಂಡದವರು ವಿವರಿಸಿದ ಮೇಲೆ ಒಪ್ಪಿದರು. ನಿಂತು ಹಾಡಲು ಭಾರವಾಗುತ್ತಿದ್ದುದರಿಂದ ಎತ್ತರದ ಪೀಠವೊಂದರ ಮೇಲೆ ಕುಳಿತರು.

ಈಗ ಆಕೆಯ ಮುಂದಿದ್ದ ಸಂಗೀತದ ಕಷ್ಟ ಏನೆಂದು ನೋಡಿ. ಕರಿ ಒಂದು ಗಂಡು ಕಂಠಕ್ಕೆ ಹದವಾದ ಶ್ರುತಿ. ನಮ್ಮ ಹಳ್ಳಿಯ ನಾಟಕಗಳಲ್ಲಿ ಹುಡುಗರೆಲ್ಲ ತಿಂಗಳುಗಟ್ಟಲೆ ಒಂದು ಶ್ರುತಿಗೆ ಕಲಿತು ಕುಳಿತಿರುತ್ತಾರೆ. ಆ ದಿನ ಬಂದಿಳಿದ ಕಲಾವಿದೆಗೆ ಯುಗಳಗೀತೆಯಲ್ಲಿ ಅದೇ ಶ್ರುತಿ ಗತಿ. ಕೆಳಗೆ ಹಾಡಿದರೆ ದನಿ ತಳಕ್ಕಿಳಿದು ಪೇಟಿಯಲ್ಲಿ ಮುಳುಗುತ್ತದೆ, ಮೇಲೆ ಹಾಡಿದರೆ ತಾರಸ್ಥಾಯಿಯ ಕಡಿದಾದ ಗುಡ್ಡ ಹತ್ತಬೇಕು. ಜಾಣ ಮಾಸ್ತರನಾದರೆ ನಡುವೆ ಶ್ರುತಿ ಬದಲಿಸಿ ಆಕೆಗೆ ದಾರಿ ಮಾಡಿಕೊಡುತ್ತಾನೆ. ಬಳ್ಳಾರಿಯ ಸುಭದ್ರಮ್ಮ ಮನ್ಸೂರು ಅವರಂಥವರು ರಂಗಗೀತೆಗಳನ್ನು ಹಾಡುವುದನ್ನು ಕೇಳಿದವರಿಗೆ, ಆ ಗುಡ್ಡವನ್ನು ಏದುಸಿರಿಲ್ಲದೆ ಹತ್ತುವವರೂ ಇರುತ್ತಾರೆಂಬುದು ಗೊತ್ತು. ಆದರೆ ಲಾಸ್ ಏಂಜಲಿಸ್‌ನ ಆ ಕೋಣೆಯಲ್ಲಿ ಶ್ರುತಿ ಬದಲಿಸುವ ಮಾಸ್ತರನೇ ಇರಲಿಲ್ಲ. ಗಿಟಾರು, ಪಿಯಾನೊ, ಡ್ರಮ್ಮು ಎಲ್ಲವೂ ಎಷ್ಟೋ ತಿಂಗಳ ಹಿಂದೆ ಇನ್ನೊಂದು ದೇಶದಲ್ಲಿ ಟೇಪಿನ ಮೇಲೆ ಕುಳಿತುಬಿಟ್ಟಿದ್ದವು. ಬಗ್ಗಬೇಕಾದದ್ದು, ಏರಬೇಕಾದದ್ದು ಅತಿಥಿಯ ಕಂಠವೊಂದೇ.

ಮೊದಲ ಸಲ ಹಾಡಿದಾಗಲೇ ತಂಡದವರು ಮೆಚ್ಚಿದರು. ಇನ್ನೊಮ್ಮೆ ಹಾಡುವಿರಾ ಎಂದು ಕೇಳಿದರು. ಈ ಕೋಣೆಯಲ್ಲಿರುವವರನ್ನೆಲ್ಲ ಹಾರಿಸಿಬಿಡುತ್ತೇನೆ ಎಂದು ಮನಸ್ಸಿನಲ್ಲೇ ಪಂತ ಹಾಕಿಕೊಂಡು ಒಂದು ಸ್ಥಾಯಿ ಮೇಲಕ್ಕೆ ಹೋದೆ ಎಂದು ಕ್ಲೇಟನ್ ಹೇಳಿದ್ದಾರೆ. ಜ್ಯಾಗರ್ ನೆನಪಿನಲ್ಲಿ ಆಕೆ ಒಂದೆರಡು ಸಲಕ್ಕೆ ಮುಗಿಸಿದರು, ಆಕೆಯ ನೆನಪಿನಲ್ಲಿ ಅದು ಮೂರು ಸಲ. ಈ ವ್ಯತ್ಯಾಸ ನನಗೆ ಇಷ್ಟ. ಹಾಡಿಸಿದವನಿಗೆ ಕಡಿಮೆ, ಹಾಡಿದವಳಿಗೆ ಹೆಚ್ಚು ನೆನಪಿರುವುದು ಸಹಜವೇ.

ಹಾಡಿನ ಒಟ್ಟು ಅವಧಿ ಸುಮಾರು ನಾಲ್ಕೂವರೆ ನಿಮಿಷ. ಗಿಟಾರು ಮತ್ತು ಮೌತ್ ಆರ್ಗನ್ನಿನ ವಾದನ ಮುಗಿದು, ಮೂರನೆಯ ನಿಮಿಷ ತುಂಬುವ ಸುಮಾರಿಗೆ ಕ್ಲೇಟನ್ ಒಬ್ಬರೇ ಹಾಡುವ ಆ ಭಾಗ ಬರುತ್ತದೆ. ಮೂರು ಆವರ್ತನೆಗಳಲ್ಲಿ ದನಿ ಮೇಲೇರುತ್ತ ಹೋಗಿ, 'ಗುಂಡು' ಎಂಬರ್ಥದ ಪದದ ಮೇಲೆ ಒಮ್ಮೆ, ಮತ್ತೆ 'ಕೊಲೆ' ಎಂಬ ಪದದ ಮೇಲೆ ಇನ್ನೊಮ್ಮೆ ಒಡೆಯುತ್ತದೆ. ಅಪಸ್ವರವಾಯಿತೆಂದು ಇದರ ಅರ್ಥವಲ್ಲ. ಎದೆಯ ದನಿಯನ್ನು ಅದರ ಮಿತಿಗಿಂತ ಮೇಲಕ್ಕೆ ಎತ್ತಿಕೊಂಡು ಹೋದಾಗ ಗಂಟಲಿನ ಧ್ವನಿತಂತುಗಳು ಬಿಗಿದು, ಕೆಳಗಿನಿಂದ ನುಗ್ಗುವ ಉಸಿರಿನ ಒತ್ತಡಕ್ಕೆ ಕ್ಷಣಮಾತ್ರ ತಮ್ಮ ಕ್ರಮಬದ್ಧ ಕಂಪನವನ್ನು ಕಳೆದುಕೊಳ್ಳುತ್ತವೆ. ಸಂಗೀತ ಪಾಠದಲ್ಲಿ ಇದನ್ನು ದೋಷವೆಂದೇ ಕಲಿಸುತ್ತೇವೆ, ಕಲಿಸಬೇಕು ಕೂಡ. ತುಂಬಿದ ಹೊಟ್ಟೆಯಲ್ಲಿ ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಕೆಳಗಿಳಿಯಲು ಜಾಗವಿಲ್ಲದೆ, ಉಸಿರಿನ ಆಧಾರವನ್ನು ಅರ್ಧ ಕಳೆದುಕೊಂಡೇ ಆಕೆ ಅಲ್ಲಿಗೆ ಏರಿದ್ದರು ಎಂಬುದನ್ನೂ ನೆನಪಿಡಬೇಕು. ಆಕೆಯ ಕಂಠವನ್ನು ಮಾತ್ರ ಬೇರ್ಪಡಿಸಿದ ಧ್ವನಿಮುದ್ರಿಕೆ ಈಗ ಕೇಳಲು ಸಿಗುತ್ತದೆ. ದನಿ ಒಡೆದ ಕ್ಷಣದಲ್ಲಿ ಹಿನ್ನೆಲೆಯಿಂದ ಜ್ಯಾಗರ್ ತಡೆಯಲಾರದೆ ಕೂಗಿದ್ದು ಅದರಲ್ಲಿ ಕೇಳಿಸುತ್ತದೆ. ನಮ್ಮ ನಾಟಕಗಳಲ್ಲಿ ಮುಂದಿನ ಸಾಲಿನಿಂದ ಏಳುವ 'ಒನ್ಸ್ ಮೋರ್'ಗೆ ಅದು ಹತ್ತಿರದ ನೆಂಟ.

ಆ ಒಡಕನ್ನು ಅವರು ತೆಗೆಯಲಿಲ್ಲ. ಹಾಡು ತಯಾರಾದ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದೆನಿಸುವ ತೀರ್ಮಾನ ಇದೇ. ಇನ್ನೊಮ್ಮೆ ಹಾಡಿಸಿ ನಯವಾದುದನ್ನು ಇಟ್ಟುಕೊಳ್ಳಬಹುದಿತ್ತು, ಮೊದಲು ಹಾಡಿದ್ದರಲ್ಲಿ ಒಡೆಯದ ಸಾಲನ್ನು ತಂದು ಜೋಡಿಸಬಹುದಿತ್ತು. ಹಾಗೆ ಮಾಡಿದ್ದರೆ ನಾವಿಂದು ಒಂದು ಒಳ್ಳೆಯ ರಾಕ್ ಹಾಡನ್ನು ಕೇಳುತ್ತಿದ್ದೆವು.

ಇದನ್ನು ಇಷ್ಟು ಖಚಿತವಾಗಿ ಹೇಳಲು ನನ್ನದೇ ಒಂದು ತಪ್ಪು ಕಾರಣ. ಕೆಲವು ವರ್ಷಗಳ ಹಿಂದೆ ತತ್ವಪದಗಳ ಒಂದು ಸಂಗ್ರಹಕ್ಕೆ ನನ್ನ ಕೋಣೆಯಲ್ಲಿ ಮುದ್ರಣ ನಡೆದಿತ್ತು. ಗಂಡಸರ ಮೇಳ ಮೊದಲೇ ಹಾಡಿ ಹೋಗಿತ್ತು. ಒಂದೇ ಒಂದು ಪದದ ನಡುವಿನ ನುಡಿಗೆ ಹಳ್ಳಿಯೊಂದರಿಂದ ಹಿರಿಯ ಹೆಣ್ಣುಮಗಳೊಬ್ಬರನ್ನು ಕರೆಸಿದ್ದೆವು. ಸತ್ತ ಮಗನನ್ನು ನೆನೆಯುವ ಸಾಲಿನಲ್ಲಿ ಅವರ ದನಿ ಒಡೆಯಿತು. ಕಂಪ್ಯೂಟರಿನಲ್ಲಿ ಸ್ವರ ತಿದ್ದುವ ತಂತ್ರಾಂಶ 1997ರಿಂದಲೇ ಜಗತ್ತಿನಲ್ಲಿದೆ, ನನ್ನ ಬಳಿಯೂ ಅದರ ಒಂದು ಬಗೆ ಇತ್ತು. ಅವರು ಚಹಾ ಕುಡಿದು ಮುಗಿಸುವುದರೊಳಗೆ ನಾನು ಆ ಒಡಕನ್ನು ಒರೆಸಿ, ಸಾಲನ್ನು ಗಾಜಿನಂತೆ ನಯಮಾಡಿ ಕೇಳಿಸಿದೆ. ಅವರು ಕಿವಿಗೊಟ್ಟು ಕೇಳಿ, "ಚೆಂದ ಐತ್ರಿ, ಆದ್ರ ಇದು ನನ್ನ ದನಿ ಅಲ್ಲ ಬಿಡ್ರಿ" ಎಂದು ಸೆರಗು ಹೊದ್ದು ಎದ್ದರು. ಮೂಲ ಮುದ್ರಣವನ್ನು ಉಳಿಸಿಕೊಳ್ಳಬೇಕೆಂಬ ಬುದ್ಧಿ ನನಗೆ ಆಗ ಇರಲಿಲ್ಲ.

ಕ್ಲೇಟನ್ ಅವರ ಕಥೆಗೆ ಮರಳುತ್ತೇನೆ. ಆ ರಾತ್ರಿಯ ನಂತರ ಆಕೆಗೆ ಗರ್ಭಪಾತವಾಯಿತು. ಮುದ್ರಣದ ಶ್ರಮವೇ ಕಾರಣವೆಂದು ಬರೆದವರಿದ್ದಾರೆ. ವೈದ್ಯರಲ್ಲದ ನಾವು ಅದನ್ನು ಒಂದು ಹಾಡಿನ ಕಥೆಗೆ ಅಲಂಕಾರವಾಗಿ ಅಂಟಿಸಬಾರದು. ಆಕೆಯೇ ಸಂದರ್ಶನಗಳಲ್ಲಿ ಹೇಳಿಕೊಂಡಂತೆ ಅದು ಕತ್ತಲಿನ ಕಾಲ. ಆ ಹಾಡನ್ನು ಕೇಳುವುದೇ ಆಕೆಗೆ ಬಹುಕಾಲ ಕಷ್ಟವಾಗಿತ್ತು. ಹಾಡು ಡಿಸೆಂಬರ್ 1969ರಲ್ಲಿ ಇಂಗ್ಲೆಂಡಿನಲ್ಲಿ ಬಿಡುಗಡೆಯಾದ 'ಲೆಟ್ ಇಟ್ ಬ್ಲೀಡ್' ಧ್ವನಿಮುದ್ರಿಕೆಯ ಮೊದಲ ಹಾಡಾಗಿ ಹೊರಬಂದಾಗ, ಮೊದಲ ಮುದ್ರಣದಲ್ಲಿ ಮೆರಿ ಎಂಬ ಹೆಸರು ಮೇರಿ ಎಂದು ಅಚ್ಚಾಗಿತ್ತು. ಜಾತ್ರೆಯ ಕರಪತ್ರ ನೆನಪಾಗಲಿಲ್ಲವೇ?

ಹಾಡನ್ನು ಬಿಡಿಯಾಗಿ ಎಂದೂ ಮಾರುಕಟ್ಟೆಗೆ ಬಿಟ್ಟಿರಲಿಲ್ಲ ಎಂಬುದು ಸೋಜಿಗ. ಆ ಕಾಲದ ಬಿಡಿ ಹಾಡುಗಳ ಜನಪ್ರಿಯತೆಯ ಪಟ್ಟಿಗಳಲ್ಲಿ ಅದನ್ನು ಹುಡುಕಿದರೆ ಸಿಗುವುದಿಲ್ಲ. ಅದು ಗೆದ್ದದ್ದು ಕೇಳಿದವರು ಕೇಳದವರಿಗೆ ಕೇಳಿಸಿದ್ದರಿಂದ, ಮುಂದೆ ಚಲನಚಿತ್ರಗಳು ಮತ್ತೆ ಮತ್ತೆ ಬಳಸಿದ್ದರಿಂದ. ಇಂಗ್ಲೆಂಡಿನ ಬಿಡುಗಡೆಯ ಮರುದಿನ, ಡಿಸೆಂಬರ್ 6ರಂದು, ಕ್ಯಾಲಿಫೋರ್ನಿಯಾದ ಆಲ್ಟಮಾಂಟ್‌ನಲ್ಲಿ ತಂಡದ ಬಯಲು ಕಛೇರಿ ನಡೆಯುತ್ತಿದ್ದಾಗ ಪ್ರೇಕ್ಷಕರಲ್ಲಿದ್ದ ಹದಿನೆಂಟರ ಯುವಕನೊಬ್ಬ ಇರಿತಕ್ಕೆ ಬಲಿಯಾದ. ಅದರ ಮೇಲೆ ಬಂದ ಸಾಕ್ಷ್ಯಚಿತ್ರಕ್ಕೂ ಇದೇ ಹಾಡಿನ ಹೆಸರಿಟ್ಟರು. ಹಾಡು ಭವಿಷ್ಯ ನುಡಿದಿತ್ತು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಕಾಲವೇ ಹಾಗಿತ್ತು, ಹಾಡು ಅದನ್ನು ಕೇಳಿಸಿಕೊಂಡಿತ್ತು.

ಕ್ಲೇಟನ್ 1970ರಲ್ಲಿ ತಮ್ಮ ಮೊದಲ ಸ್ವಂತ ಧ್ವನಿಮುದ್ರಿಕೆ ತಂದಾಗ ಅದಕ್ಕೆ ಇದೇ ಹಾಡಿನ ಹೆಸರನ್ನಿಟ್ಟು, ಇಡೀ ಹಾಡನ್ನು ತಾವೇ ಹಾಡಿದರು. ಅತಿಥಿಯಾಗಿ ಹೋಗಿದ್ದ ಮನೆಯನ್ನು ತನ್ನದೆಂದು ಹೇಳಿಕೊಂಡಂತೆ ನನಗೆ ಅದು ಕೇಳಿಸುತ್ತದೆ. ಆದರೂ ಆಕೆಗೆ ದೊಡ್ಡ ತಾರೆಯ ಪಟ್ಟ ಸಿಗಲಿಲ್ಲ. ಹಿಮ್ಮೇಳದ ಗಾಯಕಿಯರ ಬದುಕನ್ನು ಕುರಿತು 2013ರಲ್ಲಿ ಬಂದ, ಮರುವರ್ಷ ಆಸ್ಕರ್ ಪಡೆದ ಸಾಕ್ಷ್ಯಚಿತ್ರದಲ್ಲಿ ಆಕೆ ಈ ರಾತ್ರಿಯ ಕಥೆಯನ್ನು ಹೇಳಿದ ಮೇಲೆಯೇ ಹೆಚ್ಚಿನವರಿಗೆ ಆ ಕಂಠಕ್ಕೊಂದು ಮುಖ ಸಿಕ್ಕಿತು. 2014ರಲ್ಲಿ ಕಾರು ಅಪಘಾತದಲ್ಲಿ ಎರಡೂ ಕಾಲುಗಳನ್ನು ಕಳೆದುಕೊಂಡರು. 2021ರಲ್ಲಿ ಮತ್ತೆ ಒಂದು ಧ್ವನಿಮುದ್ರಿಕೆ ತಂದರು. ಇತ್ತ ರೋಲಿಂಗ್ ಸ್ಟೋನ್ಸ್ ಈ ಹಾಡನ್ನು ವೇದಿಕೆಯ ಮೇಲೆ ಹಾಡಬೇಕಾದಾಗಲೆಲ್ಲ ಒಬ್ಬ ಗಾಯಕಿ ಬೇಕೇ ಬೇಕಾಯಿತು. 1989ರಿಂದ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಲೀಸಾ ಫಿಷರ್ ಆ ಜಾಗದಲ್ಲಿ ನಿಂತರು. ಒಂದು ರಾತ್ರಿಗೆ ಹಾಕಿದ್ದ ಅತಿಥಿಯ ಪೀಠವನ್ನು ಆ ತಂಡ ಮತ್ತೆಂದೂ ತೆಗೆದಿಡಲಾಗಲಿಲ್ಲ.

ಹಾಗಾದರೆ ಆ ಹಾಡಿನಲ್ಲಿ ಆಕೆಯ ಪಾಲೆಷ್ಟು? ಕಾನೂನಿನ ಕಣ್ಣಿನಲ್ಲಿ ಹಾಡು ಎಂದರೆ ಮಾತು ಮತ್ತು ಮಟ್ಟು. ಅವೆರಡೂ ಜ್ಯಾಗರ್ ಮತ್ತು ರಿಚರ್ಡ್ಸ್ ಅವರವು. ಹಾಡಿದ್ದಕ್ಕೆ ಆ ಹೊತ್ತಿನ ಕೂಲಿ. ಇದನ್ನು ಅಳೆಯಲು ಇನ್ನೊಂದು ಹಾಡನ್ನು ಪಕ್ಕದಲ್ಲಿಡಬೇಕು. 1973ರ ಜನವರಿಯ ಒಂದು ಭಾನುವಾರ ಪಿಂಕ್ ಫ್ಲಾಯ್ಡ್ ತಂಡದವರು ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೊಗೆ ಕ್ಲೇರ್ ಟೋರಿ ಎಂಬ ಗಾಯಕಿಯನ್ನು ಕರೆಸಿದರು. ಅಲ್ಲಿ ಮಾತೇ ಇರಲಿಲ್ಲ. ಪಿಯಾನೊ ಸ್ವರಮೇಳಗಳ ಮೇಲೆ, ಸಾವನ್ನು ಮನಸ್ಸಿನಲ್ಲಿಟ್ಟುಕೊಂಡು, ಪದಗಳಿಲ್ಲದೆ ಹಾಡಬೇಕಿತ್ತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಆಲಾಪ. ತನ್ನ ಕಂಠವನ್ನೇ ಒಂದು ವಾದ್ಯವೆಂದು ಭಾವಿಸಿ ಆಕೆ ಎರಡೂವರೆ ಸಲ ಹಾಡಿ, ಭಾನುವಾರದ ದುಪ್ಪಟ್ಟು ದರದಂತೆ 30 ಪೌಂಡು ಪಡೆದು ಹೊರಟರು. ಅದನ್ನು ಬಳಸಲಾರರೆಂದೇ ಆಕೆ ತಿಳಿದಿದ್ದರು; ಬಳಸಿದ್ದಾರೆಂದು ಗೊತ್ತಾದದ್ದು ಅಂಗಡಿಯಲ್ಲಿ ಆ ಧ್ವನಿಮುದ್ರಿಕೆಯ ಹೊದಿಕೆಯನ್ನು ನೋಡಿದ ಮೇಲೆ. ಮೂರು ದಶಕಗಳ ನಂತರ, 2004ರಲ್ಲಿ ಆಕೆ ನ್ಯಾಯಾಲಯದ ಮೊರೆಹೊಕ್ಕರು. 2005ರಲ್ಲಿ ರಾಜಿಯಾಗಿ, ಪಿಯಾನೊ ಕಟ್ಟಿದ ರಿಚರ್ಡ್ ರೈಟ್ ಅವರ ಹೆಸರಿನೊಂದಿಗೆ ಟೋರಿ ಹೆಸರೂ ರಚನಕಾರರ ಸಾಲಿಗೆ ಸೇರಿತು. ಆಲಾಪ ಮಾಡಿದವರು ರಚನಕಾರರೂ ಹೌದು ಎಂಬುದು ನಮ್ಮ ಕಡೆಯ ಯಾವ ಗಾಯಕರಿಗೂ ಹೊಸ ಮಾತಲ್ಲ, ಅದನ್ನು ಕಾಗದದ ಮೇಲೆ ಬರೆಸಲು ಮೂವತ್ತೆರಡು ವರ್ಷ ಬೇಕಾಯಿತು. ಕ್ಲೇಟನ್ ಹಾಡಿದ್ದು ಇತರರು ಬರೆದ ಮಾತುಗಳನ್ನಾದ್ದರಿಂದ ಅವರಿಗೆ ಆ ದಾರಿ ಸುಲಭವಿರಲಿಲ್ಲ. ಆದರೆ ಆ ಒಡಕನ್ನು ಯಾರು ಬರೆದರು?

ನಮ್ಮಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಬಂದ ತಿದ್ದುಪಡಿ, ಹಾಡಿದವರಿಗೂ ವಾಣಿಜ್ಯ ಬಳಕೆಯಲ್ಲಿ ರಾಯಧನದ ಹಕ್ಕನ್ನು ಕೊಟ್ಟಿದೆ. ಇಲ್ಲಿರುವ ಕಲಾವಿದೆಯರಲ್ಲಿ ಹಲವರು ಜಾತ್ರೆಯ ಹಾಡುಗಳನ್ನು, ಜಾನಪದ ಗೀತೆಗಳನ್ನು ಯೂಟ್ಯೂಬಿನವರಿಗಾಗಿ ಹಾಡಿ, ಒಂದು ಸಲದ ಹಣ ಪಡೆದು ಬಂದಿದ್ದೀರಿ. ಸಹಿ ಹಾಕುವ ಮುನ್ನ ಕಾಗದವನ್ನು ಯಾರಿಂದಲಾದರೂ ಓದಿಸಿ. ಇದು ಉಪನ್ಯಾಸದ ವಿಷಯವಲ್ಲ, ಆದರೆ ನಿಮ್ಮನ್ನು ಎದುರಿಗೆ ಕೂರಿಸಿಕೊಂಡು ಹೇಳದೆ ಹೋಗಲಾರೆ.

ಈಗ ಹಾಡನ್ನು ಕೇಳಿಸುತ್ತೇನೆ. ಆರಂಭದ ಟ್ರೆಮೊಲೊ, ಸೋರೆಬುರುಡೆಯ ಗೀರು, ಪಂಚಮಕ್ಕೆ ಇಳಿಯದೆ ಹಿಂದಿರುಗುವ ಗಿಟಾರು, ಇವನ್ನು ಗಮನಿಸಿ. ಮೂರನೆಯ ನಿಮಿಷದ ಹೊತ್ತಿಗೆ ಯಾರೂ ಮಾತನಾಡಬೇಡಿ.

(ಆ ಸಂಜೆ ಹಾಡು ಮುಗಿದು ದೀಪ ಹತ್ತಿದ ಮೇಲೆ ಸ್ವಲ್ಪ ಹೊತ್ತು ಯಾರೂ ಪ್ರಶ್ನೆ ಕೇಳಲಿಲ್ಲ. ಮೂವತ್ತು ವರ್ಷ ಹಳ್ಳಿಹಳ್ಳಿಯ ನಾಟಕಗಳಲ್ಲಿ ಪಾತ್ರ ಮಾಡಿದ್ದ ಹಿರಿಯ ಕಲಾವಿದೆಯೊಬ್ಬರು ಹಿಂದಿನ ಸಾಲಿನಿಂದ ಎದ್ದು ನಿಂತರು. "ಎಲ್ಲಾ ಹೇಳಿದ್ರಿ ಮಾಸ್ತರ. ಹಾಡಾಡಿದ ಮ್ಯಾಲ ಆ ನಡುರಾತ್ರ್ಯಾಗ ಆ ಬಸುರಿ ಹೆಣ್ಣಮಗಳ್ನ ಮನಿಗೆ ಯಾರು ಬಿಟ್ಟು ಬಂದ್ರು?" ಎಂದು ಕೇಳಿದರು.)